ಮೊದಲ ಮಾತು ಕಳೆದುಹೋದ ಕತೆ

ಕನ್ನಡದ ಮೊದಲ ಟಾಕಿ ಚಿತ್ರ ಯಾವುದು ಅಂತ ಕೇಳಿದರೆ ಕ್ವಿಜ್‌ಗೆ ಹೋಗುವ ಹುಡುಗರು ಥಟ್ಟನೆ ಉತ್ತರ ಹೇಳುತ್ತಾರೆ: 'ಸತಿ ಸುಲೋಚನಾ', 1934. ಸರಿಯಾದ ಉತ್ತರವೇ. ಆದರೆ ಅದನ್ನು ನೋಡಿದ್ದೀರಾ ಅಂತ ಕೇಳಿ ನೋಡಿ! ನಾನು ನೋಡಿಲ್ಲ, ನೀವೂ ನೋಡಿಲ್ಲ, ಇನ್ನು ಮುಂದೆ ನೋಡುವ ಆಸೆಯೂ ಇಲ್ಲ. ಯಾಕೆಂದರೆ ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಬೆಳ್ಳಿತೆರೆ ಕನ್ನಡದಲ್ಲಿ ಮೊದಲು ಆಡಿದ ಮಾತು ಯಾವ ಧಾಟಿಯಲ್ಲಿತ್ತು, ಮೊದಲ ಹಾಡು ಹೇಗೆ ಕೇಳುತ್ತಿತ್ತು ಅನ್ನುವುದು ನಮ್ಮ ಕೈಬಿಟ್ಟು ಹೋಗಿದೆ.

ನಾನು ಸಿನಿಮಾ ಪಂಡಿತನೇನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. ಊರು ಗದಗ, ಪುಣೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ರಜಾ ಬಂತೆಂದರೆ ನನಗೆ ಮೂರೇ ಕೆಲಸ. ನಾಯಿಯನ್ನು ತಿರುಗಾಡಿಸುವುದು, ಹಳೇ ಕಂಪ್ಯೂಟರು ಬಿಚ್ಚಿ ಜೋಡಿಸುವುದು, ಹಳೇ ಸಿನಿಮಾ ನೋಡುವುದು. ನಮ್ಮ ರಾಜಾನನ್ನು (ಹೆಸರಿಗೆ ತಕ್ಕ ನಾಯಿ, ಸೋಫಾ ಬಿಟ್ಟು ಕೆಳಗೆ ಮಲಗುವವನಲ್ಲ) ವೇತಾಳ ಟೇಕಡಿಗೆ ಕರೆದುಕೊಂಡು ಹೋಗುವಾಗ ಲಾ ಕಾಲೇಜ್ ರಸ್ತೆ ಹಾದು ಹೋಗಬೇಕು. ಆ ರಸ್ತೆಯಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇರುವುದು. ಹಾಗಾಗಿ ಕಳೆದುಹೋದ ಸಿನಿಮಾಗಳ ಈ ಯೋಚನೆ ನನ್ನ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಇರಲಿ, 'ಸತಿ ಸುಲೋಚನಾ'ಗೆ ಬರೋಣ. ಕನ್ನಡದ ಈ ಚಿತ್ರ ತಯಾರಾದದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದಲ್ಲಿ! ಆಗ ಬೆಂಗಳೂರಿನಲ್ಲಿ ಟಾಕಿ ತೆಗೆಯುವಂಥ ಸ್ಟುಡಿಯೋ ಇರಲಿಲ್ಲ. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವ್ಯಾಪಾರಿ. ನಿರ್ದೇಶಕರು ಆಂಧ್ರದ ವೈ.ವಿ. ರಾವ್. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್. ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇವರೆಲ್ಲ ಕೊಲ್ಹಾಪುರಕ್ಕೆ ಹೋಗಿ ಛತ್ರಪತಿ ಸಿನಿಟೋನ್‌ನಲ್ಲಿ ಚಿತ್ರ ಮುಗಿಸಿದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಿಡುಗಡೆಯಾಯಿತು. ಜನ ಮುಗಿಬಿದ್ದು ನೋಡಿದರು. ಮರಾಠಿ ನೆಲದಲ್ಲಿ, ಮಾರವಾಡಿ ಹಣದಲ್ಲಿ, ತೆಲುಗು ಸೀಮೆಯ ನಿರ್ದೇಶಕನ ಕೈಯಲ್ಲಿ ಕನ್ನಡ ಮಾತಾಡಲು ಕಲಿಯಿತು. ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದು ಸ್ವಲ್ಪ ಹೆಮ್ಮೆಯ ವಿಷಯವೇ ಅನ್ನಿ.

ಸರಿ, ಆ ರೀಲುಗಳೆಲ್ಲ ಏನಾದವು?

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು 11 ನಿಮಿಷ. ಮೂರು ಗಂಟೆಯ ಚಿತ್ರ ಅಂದರೆ 16 ರೀಲು. ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಕಿಡಿ ತಾಗಿದರೆ ಸಾಕು, ಧಗ್ಗನೆ ಹೊತ್ತಿಕೊಳ್ಳುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿಯಿಂದ ಪಾರಾದರೂ ನಮ್ಮ ಬಿಸಿಲಿಗೆ, ಮಳೆಗಾಲದ ತೇವಕ್ಕೆ ತಾನಾಗಿಯೇ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಸುಲಭವಾಗಿ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮು ಎಲ್ಲ ಕಡೆ ಬಳಕೆಗೆ ಬಂದದ್ದು 1950ರ ನಂತರ.

ಇಂಥ ಅಪಾಯದ ಸರಕನ್ನು ತಂಪಾದ ಗೋದಾಮಿನಲ್ಲಿ ಬಾಡಿಗೆ ಕೊಟ್ಟು ಇಡುವವರು ಯಾರು? ಚಿತ್ರ ಊರೂರು ಸುತ್ತಿ ಬಂದಮೇಲೆ ಅದರ ಸಂಪಾದನೆ ಮುಗಿಯಿತು. ಲೆಕ್ಕದ ಪುಸ್ತಕದಲ್ಲಿ ಬೆಲೆ ಸೊನ್ನೆ. ಉಳಿಯುವುದು ಸ್ಕ್ರ್ಯಾಪ್ ಬೆಲೆ ಮಾತ್ರ. ಕಪ್ಪುಬಿಳುಪು ಫಿಲ್ಮಿನ ಮೇಲೆ ಬಿಂಬ ಮೂಡಿಸುವುದೇ ಬೆಳ್ಳಿ. ಗುಜರಿಯವರು ರೀಲು ಕೊಂಡು, ತೊಳೆದು ಬೆಳ್ಳಿ ತೆಗೆಯುತ್ತಿದ್ದರು. ಉಳಿದ ಪ್ಲಾಸ್ಟಿಕ್ಕು ಬಳೆಯಾಗುತ್ತಿತ್ತು. ನಮ್ಮ ಅಜ್ಜಿಯರ ಕೈಯಲ್ಲಿ ಯಾವ ಯಾವ ಸಿನಿಮಾ ಇದ್ದವೋ ಬಲ್ಲವರಾರು?

ಇದು ಕನ್ನಡಕ್ಕೆ ಮಾತ್ರ ಬಂದ ಗತಿಯಲ್ಲ. ಭಾರತದ ಮೊದಲ ಟಾಕಿ 'ಆಲಂ ಆರಾ' 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ಬಿಡುಗಡೆಯಾದಾಗ ಜನರನ್ನು ತಡೆಯಲು ಪೊಲೀಸರು ಬರಬೇಕಾಯಿತಂತೆ. ಅದೂ ಈಗ ಇಲ್ಲ. ಅದನ್ನು ತಯಾರಿಸಿದವರ ಮನೆತನದಲ್ಲೇ ಕೊನೆಯ ರೀಲುಗಳ ಬೆಳ್ಳಿ ತೆಗೆಸಿ ವಿಲೇವಾರಿ ಮಾಡಿದ್ದನ್ನು ಪಿ.ಕೆ. ನಾಯರ್ ಹೇಳಿಕೊಂಡಿದ್ದುಂಟು. ಅವರನ್ನು ಬೈಯುವ ಹಾಗೂ ಇಲ್ಲ. ಅಂದಿನ ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯಾದ ಕೆಲಸವೇ ಆಗಿತ್ತು.

ಒಂದು ಚಿತ್ರ ಹೇಗೆ ಉಳಿಯುತ್ತದೆ, ಇನ್ನೊಂದು ಹೇಗೆ ಅಳಿಯುತ್ತದೆ ಅನ್ನುವುದಕ್ಕೆ ಒಬ್ಬ ನಟಿಯ ಉದಾಹರಣೆ ಕೊಡುತ್ತೇನೆ. ಏಣಾಕ್ಷಿ ರಾಮರಾವ್ ಅಂತ. 1928ರ ಮೂಕಿ ಚಿತ್ರ 'ಶೀರಾಜ್'ನಲ್ಲಿ ಮುಮ್ತಾಜ್ ಆದವರು ಇವರೇ. ಅದು ಯುರೋಪಿನವರ ಜೊತೆ ಸೇರಿ ಮಾಡಿದ ಚಿತ್ರ. ಹಾಗಾಗಿ ಪ್ರತಿ ಬ್ರಿಟನ್ನಿನ ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿ ಕೂತಿತ್ತು. 2017ರಲ್ಲಿ ಅದನ್ನು ಚೊಕ್ಕಮಾಡಿ, ಅನೌಷ್ಕಾ ಶಂಕರ್ ಅವರ ಹೊಸ ಸಂಗೀತದೊಂದಿಗೆ ತೋರಿಸಿದರು. ಇದೇ ಏಣಾಕ್ಷಿ 1931ರಲ್ಲಿ ಮೋಹನ್ ಭವನಾನಿಯವರ 'ವಸಂತಸೇನಾ' ಮೂಕಿಯಲ್ಲೂ ನಟಿಸಿದರು. ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ ಇದ್ದರು, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು. ಆ ಚಿತ್ರ ಹೋಯಿತು. ಕೈಲಾಸಂ ನಡೆದಾಡುವುದನ್ನು, ಮುಖ ಕುಣಿಸುವುದನ್ನು ನಾವು ನೋಡಬಹುದಿತ್ತು! ಒಬ್ಬಳೇ ನಟಿ, ಮೂರೇ ವರ್ಷದ ಅಂತರ. ಒಂದನ್ನು ಯಾರೋ ಎತ್ತಿಟ್ಟರು, ಇನ್ನೊಂದನ್ನು ಎತ್ತಿಡಲಿಲ್ಲ. ಅಷ್ಟೇ ವ್ಯತ್ಯಾಸ.

ನಮ್ಮಲ್ಲೂ ಎತ್ತಿಡುವವರು ಹುಟ್ಟಿದರು, ಆದರೆ ತಡವಾಗಿ. ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, 'ಸತಿ ಸುಲೋಚನಾ' ಬಂದು ಮೂವತ್ತು ವರ್ಷವಾದ ಮೇಲೆ. ಮರುವರ್ಷ ಅಲ್ಲಿಗೆ ಬಂದ ನಾಯರ್ 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 12 ಸಾವಿರ ಚಿತ್ರ ಕೂಡಿಹಾಕಿದ್ದರು. ಅದರಲ್ಲಿ 8 ಸಾವಿರ ಭಾರತದವು. ದಾದಾಸಾಹೇಬ್ ಫಾಲ್ಕೆಯವರ ಮನೆಯವರನ್ನು ಹುಡುಕಿಕೊಂಡು ಹೋಗಿ 1919ರ 'ಕಾಳಿಯ ಮರ್ದನ'ದ ತುಂಡುಗಳನ್ನು ತಂದು ಜೋಡಿಸಿದರು. ಫಾಲ್ಕೆಯವರ ಮಗಳು ಮಂದಾಕಿನಿ ಬಾಲಕೃಷ್ಣನಾಗಿ ಕುಣಿದದ್ದನ್ನು ನಾವು ಇವತ್ತು ನೋಡುತ್ತಿದ್ದರೆ ಅದು ಈ ಮನುಷ್ಯನ ಪುಣ್ಯ. 2016ರ ಮಾರ್ಚ್ 4ರಂದು ಇಲ್ಲೇ ಪುಣೆಯಲ್ಲಿ ತೀರಿಕೊಂಡರು.

ಹಾಗಂತ ಸಂಗ್ರಹಾಲಯಕ್ಕೆ ಹೋದದ್ದೆಲ್ಲ ಚಿರಂಜೀವಿ ಅಂತಲೂ ಅಲ್ಲ. 2003ರ ಜನವರಿ 8ರಂದು ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿದ್ದ ನೈಟ್ರೇಟ್ ಗೋದಾಮಿಗೆ ಬೆಂಕಿ ಬಿದ್ದು ನೂರಾರು ಚಿತ್ರಗಳ ರೀಲು ಭಸ್ಮವಾದವು.

ನಾನು ವೃತ್ತಿಯಲ್ಲಿ ಕಂಡ ಒಂದು ಮಾತು ಹೇಳಲೇಬೇಕು. ಬ್ಯಾಂಕಿನಲ್ಲಿ ಲೆಡ್ಜರು, ವೋಚರುಗಳನ್ನು ಕನಿಷ್ಠ ಎಂಟು ವರ್ಷ ಇಟ್ಟಿರಬೇಕು ಅಂತ 1985ರ ನಿಯಮವೇ ಇದೆ. ಹತ್ತು ರೂಪಾಯಿ ಕಟ್ಟಿದ ಚೀಟಿಗೂ ಎಂಟು ವರ್ಷ ಆಯಸ್ಸು! ಪುಸ್ತಕ ಅಚ್ಚು ಹಾಕಿಸಿದವರು ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕು ಅಂತ 1954ರ ಕಾನೂನಿದೆ. ಆ ಕಾನೂನು ಸಿನಿಮಾವನ್ನು ಮುಟ್ಟಲಿಲ್ಲ. ಸಿನಿಮಾ ಅಂದರೆ ಮನರಂಜನೆ, ನೋಡಿ ಮರೆಯುವುದು ಅಂತ ಎಲ್ಲರೂ ತಿಳಿದರು. ನಮ್ಮ ಮೊದಲ ಮಾತು ಕಳೆದುಹೋದದ್ದು ಬೆಂಕಿಯಿಂದಲೂ ಅಲ್ಲ, ಬೆಳ್ಳಿಯಿಂದಲೂ ಅಲ್ಲ, ಈ ತಿಳಿವಳಿಕೆಯಿಂದ ಅಂತ ನನ್ನ ಅಭಿಪ್ರಾಯ.

ಸಂತೋಷದ ಸುದ್ದಿಯೂ ಒಂದಿದೆ. ಪುಣೆಯಲ್ಲೇ ಓದಿದ ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಈ ಸಂಗ್ರಹಾಲಯದಲ್ಲಿ ಉಳಿದಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಹೊರದೇಶದ ಸಂಸ್ಥೆಗಳ ನೆರವಿನಿಂದ ಅದನ್ನು ಹೊಸದರಂತೆ ಮಾಡಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ನಾಣಿ, ಯಮುನಕ್ಕ ಮತ್ತೆ ತೆರೆಯ ಮೇಲೆ ಬಂದರು. ಎತ್ತಿಟ್ಟಿದ್ದರಿಂದ ತಾನೇ?

ಈಗೆಲ್ಲ ಡಿಜಿಟಲ್, ಇನ್ನೇನು ಭಯ ಅನ್ನುವವರಿದ್ದಾರೆ. ಕಂಪ್ಯೂಟರು ಬಿಚ್ಚುವ ಹವ್ಯಾಸದವನಾಗಿ ಹೇಳುತ್ತೇನೆ, ಭಯ ಹೋಗಿಲ್ಲ, ರೂಪ ಬದಲಾಗಿದೆ. ಫ್ಲಾಪಿ ಇದೆ, ಓದುವ ಯಂತ್ರ ಇಲ್ಲ. ವಿ.ಹೆಚ್.ಎಸ್. ಕ್ಯಾಸೆಟ್ ಇದೆ, ವಿ.ಸಿ.ಆರ್. ಇಲ್ಲ. ಹಾರ್ಡ್ ಡಿಸ್ಕು ಹೇಳದೆ ಕೇಳದೆ ಒಂದು ಬೆಳಗ್ಗೆ ಕಣ್ಣು ಮುಚ್ಚುತ್ತದೆ. ಉಳಿಯಬೇಕಾದ್ದು ಎರಡು ಮೂರು ಕಡೆ ಇರಬೇಕು, ಆಗಾಗ ತೆಗೆದು ಹೊಸದಕ್ಕೆ ನಕಲು ಮಾಡಬೇಕು. 'ಶೀರಾಜ್' ಕಲಿಸುವ ಪಾಠವೂ ಇದೇ.

ನಾವು ಗದಗಿನಲ್ಲಿ ಹುಡುಗರಾಗಿದ್ದಾಗ ಟಾಕೀಸಿನ ಹಿಂದೆ ಬಿದ್ದಿರುತ್ತಿದ್ದ ಫಿಲ್ಮಿನ ತುಂಡು ಆರಿಸಿ ತರುತ್ತಿದ್ದೆವು. ಕೆಟ್ಟ ಬಲ್ಬಿನೊಳಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಬಿಟ್ಟು, ಅಪ್ಪನ ಧೋತರದ ಮೇಲೆ ರಾಜಕುಮಾರರನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದೆವು. ನಿಮ್ಮಲ್ಲೂ ಅನೇಕರು ಮಾಡಿದ್ದೀರಿ. ಅಂಥ ತುಂಡು, ಹಳೇ ಸಿನಿಮಾದ ಹಾಡಿನ ಪುಸ್ತಕ, ಪೋಸ್ಟರು, ಸ್ಥಿರಚಿತ್ರ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಸಂಗ್ರಹಾಲಯದವರು ರೀಲಿನ ಜೊತೆಗೆ ಇವನ್ನೂ ಕೂಡಿಡುತ್ತಾರೆ. ಚಿತ್ರವೇ ಇಲ್ಲವಾದಾಗ ಎರಡಾಣೆಯ ಹಾಡಿನ ಪುಸ್ತಕವೇ ಅದರ ಸಾಕ್ಷಿ. ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಅಟ್ಟ ಹತ್ತಿ ನೋಡುತ್ತೀರಲ್ಲ?