ಮೈಕಟ್ಟೋ, ಕಾಲ ಚುರುಕೋ? ಎಳೆಯ ಫಾರ್ವರ್ಡ್‌ಗಳ ಆಯ್ಕೆ ಸಾಗಿಬಂದ ದಾರಿ

ಹದಿಮೂರರ ಹುಡುಗರನ್ನು ಸಾಲಾಗಿ ನಿಲ್ಲಿಸಿ ಹಾಕಿ ಫಾರ್ವರ್ಡ್‌ಗಳನ್ನು ಆರಿಸಿ ಎಂದರೆ, ಕಣ್ಣು ಮೊದಲು ಹೋಗುವುದು ಎತ್ತರದವನ ಮೇಲೆ. ಆದರೆ ಗೋಲು ಹೊಡೆಯುವವನಿಗೆ ಏನು ಬೇಕೆಂಬುದನ್ನು ಕಳೆದ ಐವತ್ತು ವರ್ಷಗಳಲ್ಲಿ ತೀರ್ಮಾನಿಸುತ್ತ ಬಂದದ್ದು ಆಡುವ ನೆಲ ಮತ್ತು ಆಟದ ನಿಯಮ. ಮೈಕಟ್ಟಿನ ಪಾತ್ರ ನಾವು ಅಂದುಕೊಂಡಷ್ಟು ದೊಡ್ಡದಲ್ಲ.

ಕರ್ನಾಟಕದಲ್ಲಿ ಈ ಕಥೆಯನ್ನು ಕೊಡಗಿನಿಂದಲೇ ಶುರು ಮಾಡಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇಬ್ಬರೂ ಇದ್ದರು. ಮರುವರ್ಷದ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡಕ್ಕೆ ಗಣೇಶ್ ನಾಯಕ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಎತ್ತಿದ ತಂಡದಲ್ಲಿ ವೇಗದ ವಿಂಗರ್ ಎಂದೇ ಹೆಸರಾದ ಗೋವಿಂದ ಇದ್ದರು. ಅದು ಹುಲ್ಲಿನ ಮೈದಾನಗಳ ಕಾಲ. ಉಬ್ಬುತಗ್ಗಿನ ನೆಲದಲ್ಲಿ ಚೆಂಡು ಹೇಗೆ ಪುಟಿಯುತ್ತದೋ ಹೇಳಲಾಗದು; ಹಾಗಾಗಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಸಾಗುವ ಮಣಿಕಟ್ಟಿನ ಕೈಚಳಕಕ್ಕೇ ಹೆಚ್ಚು ಬೆಲೆ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಕೃತಕ ಹುಲ್ಲಿಗೆ ಬಂತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಹೊಸ ನೆಲದಲ್ಲಿ ಚೆಂಡು ನೇರವಾಗಿ, ರಭಸದಿಂದ ಓಡುತ್ತದೆ. ಅದನ್ನು ಓಟದಲ್ಲೇ ಹಿಡಿಯಬಲ್ಲವನಿಗೆ ಲಾಭ. ಆಮೇಲೆ ನಿಯಮಗಳೂ ಅದೇ ದಿಕ್ಕಿಗೆ ತಿರುಗಿದವು. ತೊಂಬತ್ತರ ದಶಕದಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದೆಂದಾಯಿತು, ಆಫ್‌ಸೈಡ್ ನಿಯಮ ಹೋಯಿತು. ಫಾರ್ವರ್ಡ್ ಈಗ ಪಂದ್ಯವಿಡೀ ಒಂದೇ ಹದದಲ್ಲಿ ಓಡಬೇಕಿಲ್ಲ. ಕೆಲವು ನಿಮಿಷ ಪೂರ್ತಿ ಬಲದಿಂದ ಓಡಿ, ಹೊರಬಂದು ಸುಧಾರಿಸಿಕೊಂಡು, ಮತ್ತೆ ಅದೇ ಬಲದಿಂದ ಇಳಿಯಬೇಕು.

ಗೋಲು ಬರಬೇಕಾದರೆ ಚೆಂಡನ್ನು 14.63 ಮೀಟರ್ ತ್ರಿಜ್ಯದ ಸರ್ಕಲ್‌ನೊಳಗೆ ಆಡಲೇಬೇಕು. ಅಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಬಲಗಡೆಯಿಂದ ಪಾಸ್ ಬರುತ್ತದೆ. ಫಾರ್ವರ್ಡ್ ಮೊಣಕಾಲು ಬಗ್ಗಿಸಿ, ಕೋಲನ್ನು ನೆಲಕ್ಕೆ ತಾಗಿಸಿಕೊಂಡು ಓರೆಯಾಗಿ ನುಗ್ಗುತ್ತಾನೆ, ತಟ್ಟನೆ ನಿಲ್ಲುತ್ತಾನೆ, ದಿಕ್ಕು ಬದಲಿಸುತ್ತಾನೆ. ಡಿಫೆಂಡರ್ ಸೊಂಟ ತಿರುಗಿಸುವಷ್ಟರಲ್ಲಿ ಎರಡು ಹೆಜ್ಜೆ ಮುಂದೆ. ಇಲ್ಲಿ ದುಡಿಯುವುದು ಮೊದಲ ಮೂರು ಹೆಜ್ಜೆ ಮತ್ತು ನಿಲ್ಲುವ ಕಲೆ. ನೂರು ಮೀಟರ್ ಓಟದ ಸಮಯವಲ್ಲ. ಮೈ ತಾಗಿಸಿ ತಳ್ಳಿದರೆ ಫೌಲ್ ಆಗುವ ಆಟದಲ್ಲಿ ದಪ್ಪ ಭುಜದಿಂದ ಹೆಚ್ಚು ಪ್ರಯೋಜನವಿಲ್ಲ.

ಸೋಮವಾರಪೇಟೆಯ ಎಸ್.ವಿ. ಸುನಿಲ್ ಈ ಹೊಸ ಕಾಲದ ಫಾರ್ವರ್ಡ್. 2007ರಿಂದ 2021ರವರೆಗೆ 264 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವರ ಗೋಲು 72. ಎದುರಾಳಿ ರಕ್ಷಣೆಯನ್ನು ಸೀಳಿ ಇತರರಿಗೆ ದಾರಿ ಮಾಡಿಕೊಟ್ಟದ್ದು ಈ ಲೆಕ್ಕದಲ್ಲಿ ಕಾಣುವುದಿಲ್ಲ. ಹಾಗೆಂದು ದೇಹಕ್ಕೆ ಬೆಲೆಯೇ ಇಲ್ಲವೆಂದಲ್ಲ. ಪೆನಾಲ್ಟಿ ಕಾರ್ನರ್‌ನ ಡ್ರ್ಯಾಗ್ ಫ್ಲಿಕ್‌ನಲ್ಲಿ ಉದ್ದ ಕೈಕಾಲು, ಸೊಂಟದ ಬಲ ನಿಜಕ್ಕೂ ನೆರವಾಗುತ್ತವೆ. ಕೊಡಗಿನವರೇ ಆದ ವಿ.ಆರ್. ರಘುನಾಥ್ ಎತ್ತರದ ಆಳು. ಆಡಿದ್ದು ಡಿಫೆಂಡರ್ ಆಗಿ, ಗೋಲು ಗಳಿಸಿದ್ದು ಡ್ರ್ಯಾಗ್ ಫ್ಲಿಕ್‌ನಿಂದ.

ಮೈ ತಾಗಿಸುವುದು ನಿಯಮಬದ್ಧವಾಗಿರುವ ಐಸ್ ಹಾಕಿಯಲ್ಲೂ ಗಾಳಿ ಹೀಗೇ ತಿರುಗಿತು. ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗ್ ಬಹುಕಾಲ ದೊಡ್ಡಾಳುಗಳನ್ನೇ ಹುಡುಕುತ್ತಿತ್ತು. ತಂಡಗಳು ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಕುಳ್ಳನೆಂದು ಯಾರಿಗೂ ಬೇಡವಾದ ಮಾರ್ಟಿನ್ ಸೇಂಟ್ ಲೂಯಿ 2004ರಲ್ಲೂ 2013ರಲ್ಲೂ ಲೀಗ್‌ನ ಅತಿ ಹೆಚ್ಚು ಪಾಯಿಂಟ್ ಗಳಿಸಿದ. 2005ರಲ್ಲಿ, ಹಿಡಿದು ತಡೆಯುವುದನ್ನು ರೆಫರಿಗಳು ಬಿಗಿಯಾಗಿ ದಂಡಿಸತೊಡಗಿದ ಮೇಲೆ ಸ್ಕೇಟಿಂಗ್‌ನಲ್ಲಿ ಪಳಗಿದ ಸಣ್ಣಾಳುಗಳಿಗೆ ಜಾಗ ಇನ್ನೂ ತೆರೆಯಿತು.

ವಿಜ್ಞಾನ ಈ ಪ್ರಶ್ನೆಗೆ ಕೈಹಾಕಿದ್ದು ಬೇರೆ ಬಾಗಿಲಿನಿಂದ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಕೆನಡಾದ ಐಸ್ ಹಾಕಿ ತಂಡಗಳಲ್ಲಿ ತುಂಬಿರುವುದನ್ನು 1985ರಲ್ಲಿ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ತೋರಿಸಿದರು. ಆಯ್ಕೆಗಾರರು ಪ್ರತಿಭೆ ಎಂದುಕೊಂಡದ್ದರಲ್ಲಿ ಕೆಲವು ತಿಂಗಳ ಹಿರಿತನವೂ ಸೇರಿತ್ತು. ಹುಡುಗರು ಅತಿ ವೇಗವಾಗಿ ಎತ್ತರ ಬೆಳೆಯುವ ಘಟ್ಟ ಸರಾಸರಿ ಹದಿನಾಲ್ಕರ ಆಸುಪಾಸು. ಕೆಲವರಿಗೆ ಹನ್ನೆರಡಕ್ಕೇ ಬರುತ್ತದೆ, ಕೆಲವರಿಗೆ ಹದಿನಾರಕ್ಕೆ. ಆಗ ಕೈಕಾಲು ಮೊದಲು ಉದ್ದವಾಗಿ, ನಿನ್ನೆಯ ಚುರುಕು ಇಂದು ತಡವರಿಸಬಹುದು. ವಯಸ್ಸು, ತೂಕ, ಎತ್ತರ, ಕುಳಿತಾಗಿನ ಎತ್ತರ ಇವುಗಳಿಂದ ಆ ಘಟ್ಟವನ್ನು ಅಂದಾಜಿಸುವ ಸೂತ್ರವನ್ನು 2002ರಲ್ಲಿ ಮಿರ್ವಾಲ್ಡ್ ತಂಡ ಕೊಟ್ಟಿತು. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿಯೂ ನೋಡಿದವು.

ಶಿವಮೊಗ್ಗ ಜಿಲ್ಲೆಯ ಮಾಸ್ತಿಕಟ್ಟೆ, ಹೊಸನಗರದ ಕಡೆ ಕಬಡ್ಡಿ ನೋಡಿದವರಿಗೆ ಹೀಗೆ ದೇಹ ನೋಡಿ ಗುಂಪು ಮಾಡುವುದು ಹೊಸ ವಿಚಾರವಲ್ಲ. ಸಬ್ ಜೂನಿಯರ್ ಹುಡುಗರ ಕಬಡ್ಡಿಗೆ 16 ವರ್ಷದ ಜೊತೆಗೆ 55 ಕೆ.ಜಿ. ಮಿತಿಯೂ ಇದೆ. ಹಾಕಿಯಲ್ಲಿ ವಯಸ್ಸಿನ ಮಿತಿ ಮಾತ್ರ. ಕೊಡಗಿನಲ್ಲಿ ಮೈಕಟ್ಟಿನ ಈ ಅಂತರಕ್ಕೆ ಇನ್ನೊಂದು ಉತ್ತರ ತಾನಾಗಿ ಹುಟ್ಟಿದೆ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಆರಂಭವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ 2024ರ ಹೊತ್ತಿಗೆ 360 ತಂಡಗಳಿದ್ದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವಲ್ಲಿ ಪುಟ್ಟ ಹುಡುಗ ಬಲಕ್ಕೆ ಬಲ ಕೊಡಲಾರ. ಜಾಗ ಹುಡುಕಿ ನುಸುಳುವುದನ್ನೇ ಕಲಿಯಬೇಕು.

ಕ್ರೀಡಾ ಹಾಸ್ಟೆಲ್‌ಗಳ ಆಯ್ಕೆಗೆ ಇದರಿಂದ ಸಿಗುವ ಪಾಠ ಸರಳ. ಎತ್ತರವನ್ನು ಒಮ್ಮೆ ಅಳೆದು ಕೈಬಿಡಬೇಡಿ. ಆರು ತಿಂಗಳಿಗೊಮ್ಮೆ ಅಳೆದು ಬೆಳವಣಿಗೆಯ ಗತಿ ನೋಡಿ. ಐದು ಮೀಟರ್ ಓಟ, ಮೂವತ್ತು ಮೀಟರ್ ಓಟ, ತಿರುಗುವ ವೇಗ ಇವನ್ನು ಬೇರೆ ಬೇರೆಯಾಗಿ ಬರೆದಿಡಿ. ಹದಿಮೂರಕ್ಕೆ ಕೈಬಿಟ್ಟವನನ್ನು ಹದಿನಾರಕ್ಕೆ ಇನ್ನೊಮ್ಮೆ ಕರೆದು ನೋಡಿ. ಮೈ ತಡವಾಗಿಯಾದರೂ ಬೆಳೆದೀತು. ಎಳೆಯ ವಯಸ್ಸಿನಲ್ಲಿ ಕಾಲಿಗೆ ಕಲಿಸದೆ ಬಿಟ್ಟದ್ದನ್ನು ಆಮೇಲೆ ಕಲಿಸುವುದು ಕಷ್ಟ.