ಓದುವ ಕ್ಷಣ

1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರು ದಂಡಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ಚಿಪ್ಪುಗಳ ವಿನ್ಯಾಸಕೇಂದ್ರವನ್ನು ತೆರೆಯಿತು. ಉಪಗ್ರಹ ಸಂಪರ್ಕಕ್ಕೆ ಬೇಕಾದ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂದಿತೆಂಬ ವೃತ್ತಾಂತವನ್ನು ನಗರ ಇಂದಿಗೂ ಮೆಚ್ಚಿ ಹೇಳಿಕೊಳ್ಳುತ್ತದೆ. ಗಾಡಿ ಕಣ್ಣಿಗೆ ಕಾಣುವ ವಸ್ತು. ಆದ್ದರಿಂದ ಅದು ನೆನಪಿನಲ್ಲಿ ಉಳಿಯಿತು. ಆ ಕಸುಬಿನ ತಿರುಳೊಂದು ಮಾತ್ರ ಕಣ್ಣಿಗೆ ಕಾಣುವಂಥದಲ್ಲ. ಒಂದು ಚಿಪ್ಪು ಹೇಳಿದ್ದನ್ನು ಇನ್ನೊಂದು ಯಾವ ಕ್ಷಣದಲ್ಲಿ ಓದಬೇಕು ಎಂಬ ಪ್ರಶ್ನೆ ಅದು.

ಕುಕ್ ಟೌನಿನ ಮಗ್ಗುಲಲ್ಲಿ ಹಾದುಹೋಗುವ ರೈಲುಮಾರ್ಗ 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ಬಂದದ್ದು. ಆ ಹಳಿಯ ಬದಿಯಲ್ಲಿ ನಿಂತು, ಸಾಗುತ್ತಿರುವ ಗೂಡ್ಸ್ ಗಾಡಿಯ ಡಬ್ಬಿಗಳ ಮೇಲಿನ ಸಂಖ್ಯೆಗಳನ್ನು ಬರೆದುಕೊಳ್ಳುವವನೊಬ್ಬನನ್ನು ಊಹಿಸಿಕೊಳ್ಳಿ. ಡಬ್ಬಿ ನೇರ ಎದುರಿಗೆ ಬಂದಾಗ ನೋಡಿದರೆ ಲೆಕ್ಕ ಸರಿ. ಎರಡು ಡಬ್ಬಿಗಳ ನಡುವಣ ಸಂದಿಗೆ ಕಣ್ಣಿಟ್ಟರೆ ಹಿಂದಿನದೋ ಮುಂದಿನದೋ ತಿಳಿಯದು. ಒಂದೇ ತಂತಿಯ ಮೇಲೆ ಸೊನ್ನೆ ಮತ್ತು ಒಂದುಗಳು ಸಾಲುಗಟ್ಟಿ ಹೋಗುವಾಗಲೂ ಓದುವ ಚಿಪ್ಪಿನ ಪಾಡು ಇದೇ.

ಪ್ರಶ್ನೆ ಹಳೆಯದು. 1874ರಲ್ಲಿ ಫ್ರಾನ್ಸಿನ ಎಮಿಲ್ ಬೋದೋ ರೂಪಿಸಿದ ತಂತಿಯಂತ್ರದಲ್ಲಿ ಅಕ್ಷರವೊಂದಕ್ಕೆ ಐದು ಸಂಕೇತಗಳು, ಒತ್ತಲು ಐದು ಕೀಲಿಗಳು. ಹಲವರು ಒಂದೇ ತಂತಿಯನ್ನು ಸರದಿಯಂತೆ ಬಳಸುತ್ತಿದ್ದುದರಿಂದ, ಯಂತ್ರದ ಟಕ್ಕೆಂಬ ಸದ್ದಿಗೆ ಹೊಂದಿ ಒತ್ತಿದರಷ್ಟೇ ಅಕ್ಷರ ಸರಿಯಾಗಿ ಹೋಗುತ್ತಿತ್ತು. ಅಂದು ಲಯವನ್ನು ಕಾಯುತ್ತಿದ್ದುದು ಮನುಷ್ಯನ ಕಿವಿ.

ಟೆಕ್ಸಾಸ್ ಸಂಸ್ಥೆಯ ಮೊದಲ ಟಿ.ಎಂ.ಎಸ್. 320 ಸರಣಿಯ ಚಿಪ್ಪು 1983ರಲ್ಲಿ ಮಾರುಕಟ್ಟೆಗೆ ಬಂತು. ಧ್ವನಿಯಂಥ ಸಂಕೇತಗಳನ್ನು ಸಂಸ್ಕರಿಸುವ ಈ ಚಿಪ್ಪು ಸೆಕೆಂಡಿಗೆ 50 ಲಕ್ಷ ಆದೇಶಗಳನ್ನು ನಡೆಸಬಲ್ಲದಾಗಿತ್ತು. ಒಂಟಿತಂತಿಯ ದ್ವಾರ ಅದಕ್ಕಿರಲಿಲ್ಲ. ಮುಂದಿನ ತಲೆಮಾರಿಗೆ ಬಂತು. ಅಲ್ಲಿಯ ಕಟ್ಟಳೆ ಸರಳ. ಗಡಿಯಾರದ ಮಿಡಿತ ಏರುವಾಗ ಕಳುಹಿಸುವವನು ಅಂಕಿಯನ್ನು ಇಡಬೇಕು; ಇಳಿಯುವಾಗ ಓದುವವನು ಓದಬೇಕು. ನಮ್ಮ ತಾಳದ ಮಾತಿನಲ್ಲಿ ಹೇಳುವುದಾದರೆ, ಘಾತಕ್ಕೆ ಇಟ್ಟದ್ದನ್ನು ಹುಸಿಗೆ ಓದಬೇಕು. ಸೆಕೆಂಡಿಗೆ 50 ಲಕ್ಷ ಮಿಡಿತಗಳಾದರೆ ಒಂದು ಅಂಕಿಯ ಆಯುಷ್ಯ 200 ನ್ಯಾನೊಸೆಕೆಂಡು. ತಂತಿಯ ಮೇಲಿನ ಅಂಕಿ ನೆಲೆಗೊಳ್ಳಲು ಸಿಗುವ ಬಿಡುವು ಅದರಲ್ಲಿ ಅರ್ಧ.

ಆದರೆ ಎಲ್ಲರ ತಾಳವೂ ಒಂದೇ ಆಗಿರಲಿಲ್ಲ. 1980ರ ದಶಕದಲ್ಲಿ ಮೊಟೊರೋಲಾ ಸಂಸ್ಥೆ ತನ್ನ ಮೈಕ್ರೋಕಂಟ್ರೋಲರುಗಳಿಗೆ ಅಳವಡಿಸಿದ ಪದ್ಧತಿಯಲ್ಲಿ, ಮಿಡಿತದ ದಿಕ್ಕು ಮತ್ತು ಓದುವ ಅಂಚುಗಳನ್ನು ನಾಲ್ಕು ಬಗೆಯಲ್ಲಿ ಜೋಡಿಸಬಹುದಾಗಿತ್ತು. ಒಂದು ಚಿಪ್ಪು ಒಂದು ಬಗೆಯನ್ನೂ ಇನ್ನೊಂದು ಬೇರೊಂದನ್ನೂ ಹಿಡಿದರೆ ಇಡೀ ಸಾಲು ಒಂದು ಮನೆಯಷ್ಟು ಸರಿದುಬಿಡಬಹುದು. ನಾಡಿಯನ್ನು ಎಣಿಸುವ ಯಂತ್ರವೊಂದು 72 ಎಂದು ಕಳುಹಿಸಿತೆನ್ನೋಣ. ಎಡಕ್ಕೆ ಸರಿದರೆ ಅದು 144; ಬಲಕ್ಕೆ ಸರಿದರೆ 36. ಯಂತ್ರ ನಿಲ್ಲುವುದಿಲ್ಲ, ಎಚ್ಚರಿಕೆಯ ದೀಪ ಹೊತ್ತುವುದಿಲ್ಲ. ತಪ್ಪು ಸಂಖ್ಯೆಯೂ ಸರಿಯಾದ ಸಂಖ್ಯೆಯಷ್ಟೇ ಗಂಭೀರವಾಗಿ ವೈದ್ಯನ ಮುಂದೆ ನಿಲ್ಲುತ್ತದೆ. ಈ ವಿದ್ಯೆಯಲ್ಲಿ ಅಪಾಯವಿರುವುದು ಇಲ್ಲಿಯೇ.

ಆದಕಾರಣವೇ ವಿನ್ಯಾಸಕಾರನ ದುಡಿಮೆಯ ಬಹುಭಾಗ ಚಿತ್ರ ಬರೆಯುವುದಕ್ಕಿಂತ ಹೆಚ್ಚಾಗಿ ತಾಳೆ ನೋಡುವುದರಲ್ಲಿ ಕಳೆಯುತ್ತದೆ. ಬಿಸಿಯಲ್ಲಿ, ತಂಪಿನಲ್ಲಿ, ವಿದ್ಯುತ್ತು ಕುಗ್ಗಿದಾಗ ಅಂಕಿ ಓದುವ ಕ್ಷಣಕ್ಕೆ ಮೊದಲೇ ನೆಲೆಗೊಂಡಿರುವುದೇ? ಓದಿ ಮುಗಿಯುವವರೆಗೆ ಕದಲದೆ ನಿಲ್ಲುವುದೇ? 1990ರ ದಶಕದ ಕೊನೆಗೆ ಬೆಂಗಳೂರಿನ ತಂಡವೇ ‘ಅಂಕುರ್’ ಎಂಬ ಸಂಕೇತ-ಸಂಸ್ಕರಣ ಚಿಪ್ಪನ್ನು ರೂಪಿಸಿತು. ಇಂಥ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಯಾವ ಚಿಪ್ಪೂ ಕಾರ್ಖಾನೆಯ ಮೆಟ್ಟಿಲೇರಲಾರದು. ನಗರದ ಚರಿತ್ರೆಯನ್ನು ಬರೆಯುವವರು ಎತ್ತಿನ ಗಾಡಿಯನ್ನು ಧಾರಾಳವಾಗಿ ನೆನೆಯಲಿ. ಅದರೊಡನೆ, ಕಣ್ಣಿಗೆ ಕಾಣದ ಆ ಅರ್ಧ ಮಿಡಿತವನ್ನು ಕಾದವರಿಗೂ ಒಂದು ಪುಟ ಮೀಸಲಿರಲಿ.