ಪೈಪ್ ತೆಗೆದ ಮೇಲಿನ ಎರಡು ದಿನ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾರಿಗಾದರೂ ಉಸಿರಾಟ ತೀರಾ ಕಷ್ಟವಾದರೆ ಕಲಬುರಗಿಗೆ, ಇಲ್ಲವೇ ಗಡಿ ದಾಟಿ ಸೋಲಾಪುರಕ್ಕೆ ಒಯ್ಯುತ್ತೇವೆ. ಅಲ್ಲಿ ಐಸಿಯುನಲ್ಲಿ ಬಾಯಿಂದ ಶ್ವಾಸನಾಳಕ್ಕೆ ಪೈಪ್ ಇಳಿಸಿ ವೆಂಟಿಲೇಟರ್ ಹಚ್ಚುತ್ತಾರೆ. ನಾಲ್ಕಾರು ದಿನಕ್ಕೆ ಪೈಪ್ ತೆಗೆದರು ಅಂದರೆ ಮನೆಯವರಿಗೆ ಹೋದ ಜೀವ ಬಂದಂತೆ. ಸ್ವಲ್ಪ ಹೊತ್ತಿಗೇ ನರ್ಸ್ ಬಂದು ಮುಖಕ್ಕೆ ಬಿಗಿ ಮಾಸ್ಕ್ ಕಟ್ಟಿದರೆ ಮತ್ತೆ ಅನುಮಾನ: ‘ಆರಾಮ ಆಗಿದ್ದರೆ ಇದ್ಯಾಕೆ? ಬಿಲ್ ಏರಿಸಲಿಕ್ಕಾ?’

ಈ ಮಾಸ್ಕಿನ ಹಿಂದೆ ದೊಡ್ಡ ಇತಿಹಾಸವಿದೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತಿದ್ದವು. ಹಳೆಯ ಯಂತ್ರಗಳಿಂದ ಚಿಕಿತ್ಸೆ ಪಡೆದ ಮೊದಲ 31 ಜನರಲ್ಲಿ 27 ಮಂದಿ ತೀರಿಕೊಂಡರು. ಆಗ ಡಾ. ಬ್ಯೋರ್ನ್ ಇಬ್ಸೆನ್ ಗಂಟಲಿಗೆ ರಂಧ್ರ ಮಾಡಿ ಪೈಪ್ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ದಾರಿ ತೋರಿಸಿದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಹಗಲೂ ರಾತ್ರಿ ಪಾಳಿಯಲ್ಲಿ ಚೀಲ ಒತ್ತಿದರು. ಸಾವು ಇಳಿಯಿತು. ಇಂದಿನ ಐಸಿಯು ಬೆಳೆದದ್ದು ಅಲ್ಲಿಂದ.

ಪೈಪ್ ಜೀವ ಉಳಿಸಿತು, ಆದರೆ ತೆಗೆದ ಮೇಲೇನು? ಗಂಟಲು ಬಾತಿರುತ್ತದೆ, ಕೆಮ್ಮಿ ಕಫ ಹೊರಹಾಕಲು ಶಕ್ತಿ ಇರುವುದಿಲ್ಲ, ಎದೆಯ ಸ್ನಾಯುಗಳು ದಣಿದಿರುತ್ತವೆ. ಎಲ್ಲ ಪರೀಕ್ಷೆ ಮಾಡಿಯೇ ತೆಗೆದರೂ ಹತ್ತರಲ್ಲಿ ಒಬ್ಬಿಬ್ಬರಿಗೆ ಮತ್ತೆ ಪೈಪ್ ಹಾಕಬೇಕಾಗುತ್ತದೆ.

1981ರಲ್ಲಿ ಆಸ್ಟ್ರೇಲಿಯಾದ ಡಾ. ಕಾಲಿನ್ ಸಲಿವನ್, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿನ ಮಾಸ್ಕಿನಿಂದ ಒತ್ತಡದ ಗಾಳಿ ಕೊಟ್ಟು ತೋರಿಸಿದರು. ಮುಂದೆ ಮಾಸ್ಕ್ ಐಸಿಯುಗೂ ಬಂತು. ಪೈಪ್ ತೆಗೆದ ಮೇಲೆ ಉಸಿರು ಕೆಟ್ಟರೆ ಮಾಸ್ಕ್ ಹಾಕಿದರಾಯಿತು ಎಂದು ಹಲವು ಡಾಕ್ಟರುಗಳು ನಂಬಿದ್ದರು.

2004ರಲ್ಲಿ ಎಂಟು ದೇಶಗಳ 221 ರೋಗಿಗಳ ಅಧ್ಯಯನ ಬೇರೆಯೇ ಹೇಳಿತು. ಉಸಿರು ಕೆಟ್ಟ ಮೇಲೆ ಮಾಸ್ಕ್ ಹಾಕಿದವರಲ್ಲಿ ಐಸಿಯುನಲ್ಲೇ ಸತ್ತವರು ನೂರಕ್ಕೆ 25, ಉಳಿದವರಲ್ಲಿ 14. ಮಾಸ್ಕ್ ನಂಬಿಕೊಂಡು ಕೂತದ್ದರಿಂದ ಮತ್ತೆ ಪೈಪ್ ಹಾಕುವುದು ತಡವಾಗಿತ್ತು.

ಹಾಗಾದರೆ ಉಸಿರು ಕೆಡುವ ಮೊದಲೇ ಹಾಕಿದರೆ? 2006ರಲ್ಲಿ ಸ್ಪೇನಿನ ಡಾಕ್ಟರುಗಳು ಅಪಾಯ ಹೆಚ್ಚಿದ್ದ 162 ಜನರಲ್ಲಿ ಅರ್ಧದಷ್ಟು ಮಂದಿಗೆ, ಪೈಪ್ ತೆಗೆದ ಕೂಡಲೇ ಮಾಸ್ಕ್ ಹಾಕಿದರು. ಉಸಿರಾಟ ಮತ್ತೆ ಕೆಡುವುದು ನೂರಕ್ಕೆ 33ರಿಂದ 16ಕ್ಕೆ ಇಳಿಯಿತು. ಆಮೇಲೆ ಬಿಸಿ ಮಾಡಿದ, ತೇವದ ಆಮ್ಲಜನಕವನ್ನು ಮೂಗಿಗೆ ಜೋರಾಗಿ ಬಿಡುವ ಯಂತ್ರವೂ ಬಂತು. ಅದರ ಜೊತೆ ಮಾಸ್ಕನ್ನೂ ಬಳಸಿದರೆ ಮತ್ತೆ ಪೈಪ್ ಹಾಕುವ ಪ್ರಸಂಗ ಇನ್ನೂ ಕಡಿಮೆ ಎಂದು 2019ರಲ್ಲಿ ಫ್ರಾನ್ಸಿನ 641 ರೋಗಿಗಳ ಅಧ್ಯಯನ ತೋರಿಸಿತು.

ಮರುವರ್ಷವೇ ಕೊರೋನಾ. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೋನಾ ಸಾವು ದಾಖಲಾದದ್ದು ನಮ್ಮ ಕಲಬುರಗಿಯವರದೇ. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸದಲ್ಲಿ 30,000 ವೆಂಟಿಲೇಟರ್ ಮಾಡುವ ಕೆಲಸ ಬೆಂಗಳೂರಿನ ಬಿಇಎಲ್‌ಗೆ ಬಂತು. ವೆಂಟಿಲೇಟರ್, ಆಕ್ಸಿಜನ್ ಎಂಬ ಮಾತು ಕಟ್ಟೆಯ ಮೇಲೂ ಕೇಳಿಬಂತು. ಪೈಪ್ ತೆಗೆದ ಮೇಲಿನ ಮಾತು ಮಾತ್ರ ಅಷ್ಟಾಗಿ ಊರು ತಲುಪಲಿಲ್ಲ.

ಅದಕ್ಕೇ ನೆನಪಿಡಿ. ವಯಸ್ಸಾದವರು, ಹೃದಯ ಅಥವಾ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಪೈಪ್ ತೆಗೆದ ಕೂಡಲೇ ಹಾಕುವ ಮಾಸ್ಕ್ ರೋಗ ತಿರುಗಿತು ಎಂಬ ಸೂಚನೆಯಲ್ಲ, ತಿರುಗದಿರಲಿ ಎಂಬ ಕಾವಲು. ‘ನಮ್ಮವರಿಗೆ ಅಪಾಯ ಹೆಚ್ಚಿದೆಯೇ? ಮಾಸ್ಕ್ ಎಷ್ಟು ಹೊತ್ತು? ಅದು ಸಾಲದಿದ್ದರೆ ಮುಂದೇನು?’ ಎಂದು ಡಾಕ್ಟರನ್ನು ಕೇಳಿ, ಕೇಳುವುದು ನಿಮ್ಮ ಹಕ್ಕು. ಮತ್ತೆ ಪೈಪ್ ಬೇಕೆಂದರೆ ‘ಊರಿಂದ ಹಿರಿಯರು ಬರಲಿ, ನಾಳೆ ಹೇಳ್ತೀವಿ’ ಎಂದು ತಡ ಮಾಡಬೇಡಿ. ಮೊದಲ ಎರಡು ದಿನದೊಳಗೇ ಸಹಿ ಹಾಕಿ ಊರಿಗೆ ಕರೆದೊಯ್ಯುವ ಆತುರವೂ ಬೇಡ. ದಾರಿಯಲ್ಲಿ ಉಸಿರು ಸೋತರೆ ಜೀಪಿನಲ್ಲಿ ಮಾಸ್ಕೂ ಇರುವುದಿಲ್ಲ, ಪೈಪೂ ಇರುವುದಿಲ್ಲ.